ತೆಂಗಿನ ಮರದಿಂದ ಇಳಿದ ಲೈನು

ನಮ್ಮ ಕೊಠಡಿಯ ಗೋಡೆಗೆ ಅಂಟಿಸಿರುವ ನಿಯಮ ಒಂದೇ ಒಂದು. ಕರೆ ಮಾಡಿದವರು ಫೋನ್ ಇಡುವವರೆಗೆ ನಾವು ಇಡುವಂತಿಲ್ಲ. ಅವರು ಮಾತು ಮುಗಿಸಿ, ನೆನಪಾದದ್ದು ಇನ್ನೊಂದು ಕೇಳಿ, ಮಳೆ ಬೆಳೆ ವಿಚಾರಿಸಿ, ಕೊನೆಗೆ ತಾವಾಗಿ ಇಡಬೇಕು. ಈ ನಿಯಮ ಮಾಡಿದವಳು ನಾನೇ. ಹಾಗಾಗಿ ಅದು ಮುರಿದ ದಿನ ಅವಮಾನವಾದದ್ದೂ ಮೊದಲು ನನಗೇ.

ತಿಪಟೂರು–ತುರುವೇಕೆರೆ ರಸ್ತೆಯಿಂದ ಅರ್ಧ ಕಿಲೋಮೀಟರು ಒಳಗೆ ನಮ್ಮ ಊರು. ಮಾವನವರ ಕಾಲದ ಕೊಬ್ಬರಿ ಮನೆ ನಮ್ಮ ಕಚೇರಿ. ಮೇಲಿನ ಅಟ್ಟದಲ್ಲಿ ಈಗಲೂ ಕಾಯಿ ಒಣಗುತ್ತವೆ. ಅಟ್ಟ ಬಿಟ್ಟುಕೊಡಲು ಮನೆಯವರು ಸುತರಾಂ ಒಪ್ಪಲಿಲ್ಲ. ಕೆಳಗೆ ಏಳು ಹೆಣ್ಣುಮಕ್ಕಳು ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ. ದೊಡ್ಡ ಆಸ್ಪತ್ರೆಯೊಂದಕ್ಕೆ ಬರುವ ಕನ್ನಡದ ಕರೆಗಳೆಲ್ಲ ಇಂಟರ್ನೆಟ್ ಮೂಲಕ ಈ ಕೊಠಡಿಗೆ ಬರುತ್ತವೆ. ಯಾವ ಡಾಕ್ಟರು ಯಾವತ್ತು ಸಿಗುತ್ತಾರೆ, ಸ್ಕ್ಯಾನಿಂಗ್‌ಗೆ ಊಟ ಮಾಡಿ ಬರಬೇಕೋ ಮಾಡದೆಯೋ, ಯಾವ ಬಾಗಿಲಿಂದ ಒಳಗೆ ಬರಬೇಕು, ಇವೇ ಪ್ರಶ್ನೆಗಳು. ಕೇಳುವವರು ಹಳ್ಳಿಯವರು, ಹೇಳುವವರೂ ಹಳ್ಳಿಯವರು. ಅದಕ್ಕೇ ಈ ಕೆಲಸ ನಮ್ಮ ಕೈಯಲ್ಲಿ ಉಳಿದಿತ್ತು.

ಆ ದಿನ ಕರೆ ಮಾಡಿದ್ದು ಬೋರನಕಣಿವೆ ಕಡೆಯ ಒಬ್ಬ ಅಜ್ಜ. ಹೆಂಡತಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಪ್ರತಿ ವಾರವೂ ಅವರೇ ಕರೆ ಮಾಡಿ ಸರದಿ ಕೇಳಿಕೊಳ್ಳುತ್ತಿದ್ದರು. ಮೊದಲ ಕುರ್ಚಿಯಲ್ಲಿ ಕೂರುವ ನಮ್ಮ ಹಿರಿಯ ಹುಡುಗಿ, "ಈ ಸಲ ಬುಧವಾರ ಅಲ್ಲ ಕಣಜ್ಜ..." ಎನ್ನುವಷ್ಟರಲ್ಲಿ ಗೋಡೆಯ ಇಂಟರ್ನೆಟ್ ಪೆಟ್ಟಿಗೆಯಲ್ಲಿ ಹಸಿರು ದೀಪ ಹೋಗಿ ಕೆಂಪು ದೀಪ ಮಿಟುಕತೊಡಗಿತು. ಏಳು ಕರೆಗಳು ಒಟ್ಟಿಗೆ ಸತ್ತವು. ಕಂಪ್ಯೂಟರ್ ಪರದೆಯ ಜೊತೆಗೆ ಅಜ್ಜನ ನಂಬರೂ ಹೋಯಿತು. ಲೈನ್ ಸರಿಯಾಗಿದ್ದು ಮಾರನೆಯ ದಿನ ಸಂಜೆ. ಅಷ್ಟರಲ್ಲಿ ಅಜ್ಜ ಅಜ್ಜಿಯನ್ನು ಕರೆದುಕೊಂಡು ಎರಡು ಬಸ್ಸು ಬದಲಿಸಿ ಬುಧವಾರವೇ ಆಸ್ಪತ್ರೆಗೆ ಹೋಗಿ, ಯಂತ್ರ ಖಾಲಿ ಇಲ್ಲದೆ ಸಂಜೆಯವರೆಗೆ ಕಾದು ಕೂತಿದ್ದರು. ಕೌಂಟರಿನಲ್ಲಿ ಅವರು ಹೇಳಿದ ಮಾತನ್ನು ಆಸ್ಪತ್ರೆಯ ಮ್ಯಾನೇಜರ್ ಮೇಡಂ ನನಗೆ ಫೋನಿನಲ್ಲಿ ಹಾಗೇ ಒಪ್ಪಿಸಿದರು: "ಬಡವ್ರ ಫೋನು ಅಂತ ಮಾತಿನ್ ಮಧ್ಯದಲ್ಲೇ ಕುಕ್ಕುಬುಟ್ರು ಕಣಮ್ಮ."

ನಾವು ಯಾರಿಗೂ ಫೋನ್ ಕುಕ್ಕಿದವರಲ್ಲ. ಆದರೆ ಅಜ್ಜನಿಗೆ ಕೆಂಪು ದೀಪ ಕಾಣುವುದಿಲ್ಲವಲ್ಲ.

"ನಿಮ್ಮ ಹುಡುಗಿಯರ ಬಗ್ಗೆ ನನ್ನದೇನೂ ದೂರಿಲ್ಲ," ಎಂದರು ಮೇಡಂ. "ಆದರೆ ಎರಡು ತಿಂಗಳಲ್ಲಿ ಇದು ಮೂರನೇ ಸಲ. ಮುಂದಿನ ತಿಂಗಳ ಕೊನೆಯೊಳಗೆ ನಿಮ್ಮ ನೆಟ್ ಸರಿ ಮಾಡಿಕೊಳ್ಳಿ. ಅದರ ಮುಂದಿನ ತಿಂಗಳು ಒಂದೇ ಒಂದು ಸಲ ಕಟ್ ಆದರೂ ಕರೆಗಳನ್ನ ಬೆಂಗಳೂರಿನ ಕಚೇರಿಗೆ ತಿರುಗಿಸಬೇಕಾಗುತ್ತೆ. ಆಮೇಲೆ ನನ್ನ ಕೈಯಲ್ಲಿ ಏನೂ ಇರಲ್ಲ."

ಅಂದರೆ ಏಳು ಕುರ್ಚಿಗಳು ಖಾಲಿ. ಅದನ್ನು ನಾನು ಆ ದಿನ ಹುಡುಗಿಯರಿಗೆ ಮರೆಮಾಚದೆ ಹೇಳಿದೆ. ಯಾರೂ ಅಳಲಿಲ್ಲ, ಗೊಣಗಲಿಲ್ಲ. ಮೊದಲ ಕುರ್ಚಿಯವಳು ಒಂದು ನೋಟ್ ಪುಸ್ತಕ ತಂದಿಟ್ಟು, "ಇನ್ಮೇಲೆ ಫೋನ್ ಎತ್ತಿದ ತಕ್ಷಣ ಮೊದ್ಲು ನಂಬರ್ ಬರ್ಕೊಳ್ಳೋಣ ಅಕ್ಕ," ಎಂದಳು. ನನಗೆ ಎರಡು ವರ್ಷ ಹೊಳೆಯದ ಉಪಾಯಕ್ಕೆ ತಲೆ ಚಚ್ಚಿಕೊಂಡು ಒಳಗೆ ಹೋಗಿ ಬ್ರಾಡ್‌ಬ್ಯಾಂಡಿನ ಕಾಗದ ಹುಡುಕಿದೆ.

ಎರಡು ವರ್ಷದ ಒಪ್ಪಂದ. ರುಜು ಹಾಕಿದ ದಿನ ನಾನು ಓದಿದ್ದು ತಿಂಗಳ ದರ ಮತ್ತು ಸ್ಪೀಡು, ಎರಡನ್ನೇ. ಈಗ ಕನ್ನಡಕ ಹಾಕಿಕೊಂಡು ಹಿಂದಿನ ಪುಟದ ಇರುವೆ ಸಾಲಿನಂಥ ಅಕ್ಷರ ಓದಿದೆ. ಅವಧಿ ಮುಗಿಯಲು ನಲವತ್ತೊಂದು ದಿನ ಬಾಕಿ. ಮುಗಿಯುವ ಮೂವತ್ತು ದಿನ ಮೊದಲು ಬರವಣಿಗೆಯಲ್ಲಿ 'ಬೇಡ' ಎನ್ನದಿದ್ದರೆ ಇನ್ನೊಂದು ವರ್ಷ ತಾನಾಗಿ ಮುಂದುವರಿಯುತ್ತದೆ, ಅದೂ ರಿಯಾಯಿತಿ ತೆಗೆದ ದರದಲ್ಲಿ. ಕೈಯಲ್ಲಿ ಹನ್ನೊಂದು ದಿನ ಇತ್ತು. ಅಜ್ಜ ಅಂದು ಬೈಯದಿದ್ದರೆ ಆ ಹನ್ನೊಂದು ದಿನವನ್ನೂ ನಾನು ಕಳೆದುಕೊಳ್ಳುತ್ತಿದ್ದೆ.

ಕಾಗದ ಬರೆದೆ. ನಾಲ್ಕೇ ಸಾಲು. ನಮ್ಮ ಸಂಪರ್ಕದ ನಂಬರು, ಒಪ್ಪಂದ ಮುಗಿಯುವ ದಿನ, ಅದರಾಚೆಗೆ ಈ ಷರತ್ತುಗಳ ಮೇಲೆ ಮುಂದುವರಿಸಲು ನಮಗೆ ಇಷ್ಟವಿಲ್ಲ ಎಂಬ ಮಾತು, ರುಜು. ಎರಡು ಪ್ರತಿ ತೆಗೆದುಕೊಂಡು ತುರುವೇಕೆರೆ ಬಸ್ಸು ಹತ್ತಿದೆ.

ಕೇಬಲ್ ಮಾಲೀಕರು ನಮ್ಮ ಕಡೆಯ ಹತ್ತಾರು ಹಳ್ಳಿಗಳಿಗೆ ಮೊದಲು ಟಿ.ವಿ. ಲೈನು, ಈಗ ಇಂಟರ್ನೆಟ್ ಎಳೆದವರು. ಮನುಷ್ಯ ಕೆಟ್ಟವರಲ್ಲ. ಸಮಾಧಾನದಲ್ಲಿದ್ದರೆ ನನ್ನನ್ನು ತಂಗ್ಯವ್ವ ಎನ್ನುತ್ತಾರೆ, ಕೋಪ ಬಂದರೆ ಮೇಡಂ ಎನ್ನುತ್ತಾರೆ. ಕಾಗದ ಓದಿ ಮುಗಿಸುವ ಹೊತ್ತಿಗೆ ನಾನು ಮೇಡಂ ಆಗಿದ್ದೆ.

"ಏನ್ ಮೇಡಂ ಇದು? ಒಂದ್ ಮಾತ್ ಬಾಯಲ್ಲಿ ಹೇಳಿದ್ರೆ ಆಯ್ತಿರ್ಲಿಲ್ವಾ? ನಮ್ ನಿಮ್ ಮಧ್ಯೆ ಕಾಗ್ದ ಬರ್ಕೊಳ್ಳೋ ಅಂಥದ್ದೇನ್ ಬಂತು?"

"ಬಾಯಲ್ಲಿ ಹೇಳಿದ್ದು ಎರಡು ವರ್ಷದಿಂದ ಹೇಳ್ತಾನೇ ಇದೀನಲ್ಲಣ್ಣ. ಇದಕ್ಕೊಂದು ಸೀಲ್ ಹಾಕ್ಕೊಡಿ."

"ಸೀಲು ಬೇರೆ ಬೇಕಾ?"

ಬೇಕು ಎಂದೆ. ಸೀಲಿನ ಮೇಲೆ ತಾರೀಖೂ ಬರೆಸಿಕೊಂಡೆ. ನಮ್ಮ ಕಡೆ ಇದು ಜಗಳಕ್ಕೆ ಸಮಾನ. ಪರಿಚಯದವರ ಮಧ್ಯೆ ಕಾಗದ ಬಂತೆಂದರೆ ಸಂಬಂಧ ಕೆಟ್ಟಿತೆಂದೇ ಅರ್ಥ ಮಾಡುತ್ತಾರೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೂ ಒಂದಿಷ್ಟು ಅಳುಕಿತ್ತು. ಆದರೆ ಸೀಲು ಬಿದ್ದ ಪ್ರತಿ ಚೀಲದಲ್ಲಿತ್ತು, ಅದನ್ನು ಎರಡು ಸಲ ಮುಟ್ಟಿ ನೋಡಿಕೊಂಡೆ.

ಆಮೇಲೆ ಬೇರೆ ಬಾಗಿಲು ತಟ್ಟಿದೆ. ಇನ್ನೊಂದು ಕಂಪನಿಯವರು ತಿಪಟೂರಿನಿಂದ ಬಂದು ಅಳತೆ ಮಾಡಿದರು. ಅವರ ಲೈನು ಮುಖ್ಯ ರಸ್ತೆಯವರೆಗೆ ಮಾತ್ರ ಇದೆ. ಒಳಗೆ ಬರಲು ಕಂಬ ನೆಡಬೇಕು, ಅದಕ್ಕೆ ಮೂರು ತಿಂಗಳು, ಜೊತೆಗೆ ಊರಿನಿಂದ ಇಪ್ಪತ್ತು ಗಿರಾಕಿಗಳು ಬೇಕು ಎಂದರು. ನಾನು ಮನೆಮನೆಗೆ ಹೋಗಿ ಆರು ಹೆಸರು ಬರೆಸಿಕೊಂಡೆ. ಏಳನೆಯ ಮನೆಯಲ್ಲಿ "ಕೇಬಲ್‌ನೋರು ನಮ್ಗೆ ಬೀಗ್ರಾಗ್ಬೇಕು ಕಣಕ್ಕ" ಎಂದಾಗ ಪುಸ್ತಕ ಮುಚ್ಚಿದೆ. ಸಿಮ್ ಹಾಕುವ ಪೆಟ್ಟಿಗೆಯನ್ನೂ ತರಿಸಿ ನೋಡಿದೆವು. ಅಂಗಳದಲ್ಲಿ ಚೆನ್ನಾಗಿ ಬಂದ ಸಿಗ್ನಲ್ಲು ಕೊಬ್ಬರಿ ಮನೆಯ ದಪ್ಪ ಗೋಡೆ ದಾಟುವಾಗ ಅರ್ಧವಾಗುತ್ತಿತ್ತು. ಏಳು ಜನ ಒಟ್ಟಿಗೆ ಮಾತಾಡಿದರೆ ಆಚೆ ಕಡೆಯವರಿಗೆ ನಮ್ಮ ದನಿ ತುಂಡುತುಂಡಾಗಿ ಕೇಳುತ್ತಿತ್ತು. ಅದನ್ನು ಕಟ್ಟಿ ವಾಪಸ್ಸು ಕಳಿಸಿದೆ.

ಅಷ್ಟರಲ್ಲಿ ಮಾಲೀಕರಿಂದಲೇ ಫೋನು ಬಂತು. ಕಾಗದ ತನ್ನ ಕೆಲಸ ಮಾಡಿತ್ತು.

"ತಂಗ್ಯವ್ವ, ನೂರರ ಸ್ಪೀಡ್ ಜಾಗ್ದಲ್ಲಿ ಮುನ್ನೂರು ಕೊಡ್ತೀನಿ. ದರ ಅದೇ. ಮ್ಯಾಲೆ ಎರಡ್ ತಿಂಗ್ಳು ಪುಕ್ಕಟೆ. ಬೇರೆ ಯಾರ್ಗೂ ಹೇಳ್ಬೇಡಿ ಮತ್ತೆ."

ನಾನು ಹಿಗ್ಗಿ ಹೀರೇಕಾಯಿಯಾದೆ. ಮೂರು ಪಟ್ಟು ಸ್ಪೀಡು, ಅದೇ ದರ! ಎರಡು ದಿನ ಮನೆಯಲ್ಲಿ ಇದೇ ಮಾತು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಎರಡು ತಿಂಗಳ ಪುಕ್ಕಟೆಯನ್ನು ಮೂರು ತಿಂಗಳಿಗೆ ಎಳೆಯಬೇಕೆಂಬ ಆಸೆ ಹುಟ್ಟಿತು. ಎರಡು ವರ್ಷದಲ್ಲಿ ಎಷ್ಟು ಸಲ ಲೈನು ಹೋಗಿದೆ ಎಂದು ಪಟ್ಟಿ ಮಾಡಿ ಅವರ ಮೇಜಿನ ಮೇಲೆ ಇಡುವುದು ನನ್ನ ಲೆಕ್ಕಾಚಾರ. ನೆಟ್ ಹೋದಾಗಲೆಲ್ಲ ಹುಡುಗಿಯರು ಹಾಜರಿ ಪುಸ್ತಕದಲ್ಲಿ 'ನೆಟ್ ಇಲ್ಲ' ಎಂದು ಬರೆದಿದ್ದರು. ವಾರ ಮಾತ್ರ ಬರೆದು ತಾರೀಖು ಬಿಟ್ಟ ಕಡೆ ಸರಿಪಡಿಸಲು ಗೋಡೆಯ ಮೊಳೆಯಿಂದ ಹಳೆಯ ಕ್ಯಾಲೆಂಡರುಗಳನ್ನು ಇಳಿಸಿದೆ.

ನಮ್ಮ ಸೀಮೆಯಲ್ಲಿ ಕ್ಯಾಲೆಂಡರು ಎಂದರೆ ತೋಟದ ಡೈರಿ. ಕಾಯಿ ಕಿತ್ತ ದಿನದ ಚೌಕದಲ್ಲಿ 'ಕಾಯಿ' ಎಂದು ಬರೆದು ಎಷ್ಟು ಬಂತೆಂದು ಪಕ್ಕದಲ್ಲಿ ಹಾಕುತ್ತೇವೆ. ಒಂದೂವರೆ ಎರಡು ತಿಂಗಳಿಗೊಮ್ಮೆ ಕಿತ್ತು, ಅಟ್ಟಕ್ಕೇರಿಸಿ, ವರ್ಷ ಕಾದು ಕೊಬ್ಬರಿ ಮಾಡುವವರಿಗೆ ಈ ತಾರೀಖು ಬೇಕೇ ಬೇಕು. ನಾನು ಬೆರಳಿಟ್ಟು ಹುಡುಕುತ್ತಿದ್ದ ಮಂಗಳವಾರದ ಚೌಕದಲ್ಲಿ ನನ್ನದೇ ಕೈಬರಹ ಇತ್ತು: ಕಾಯಿ.

ಇರಲಿ ಎಂದು ಮುಂದೆ ಹೋದೆ. ಆರು ತಿಂಗಳು ಬಿಟ್ಟು ಇನ್ನೊಂದು ಕಡೆ 'ನೆಟ್ ಇಲ್ಲ'. ಕ್ಯಾಲೆಂಡರಿನಲ್ಲಿ ಮತ್ತೆ 'ಕಾಯಿ'. ನಾನು ನೆಲದ ಮೇಲೆ ಕೂತುಬಿಟ್ಟೆ. ಆ ದಿನ ಚೆನ್ನಾಗಿ ನೆನಪಿತ್ತು. ಬೆಳಿಗ್ಗೆ ಕಾಯಿ ಕೀಳಲು ಬಂದವನಿಗೆ ಕಾಫಿ ಕೊಟ್ಟು, "ರಸ್ತೆ ಕಡೆ ಒಣಗಿದ ಗರಿ ಎಲ್ಲ ಕೆಡವಿಬಿಡಪ್ಪ" ಎಂದು ಹೇಳಿದ್ದು ನಾನು. ಹನ್ನೊಂದು ಗಂಟೆಗೆ ಕೇಬಲ್ ಕಚೇರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದದ್ದೂ ನಾನೇ.

ಮುಖ್ಯ ರಸ್ತೆಯಿಂದ ನಮ್ಮ ಕೊಠಡಿಗೆ ಬರುವ ಲೈನಿಗೆ ಕಂಬವೇ ಇಲ್ಲ. ಒಂದು ತೆಂಗಿನ ಮರದಿಂದ ಇನ್ನೊಂದಕ್ಕೆ ಕಟ್ಟಿಕೊಂಡು ಬಂದಿದೆ. ಮೂರು ತೋಟ, ಇಪ್ಪತ್ತಮೂರು ಮರ. ದಿನಾ ಅದರ ಕೆಳಗೇ ಓಡಾಡುತ್ತೇವೆ. ಮೇಲಿಂದ ಗರಿ ಬಿದ್ದರೆ, ಗೊನೆ ಬಿದ್ದರೆ ಕೆಳಗಿನ ದಾರದಂಥ ಕೇಬಲ್ ಏನಾಗುತ್ತದೆ ಎಂದು ಇಡೀ ಊರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಕಾಯಿ ಕೀಳುವ ಮುಂಚೆ ಅಕ್ಕಪಕ್ಕದವರಿಗೆ "ದನ ಅತ್ಲಾಗ್ ಕಟ್ಕೊಳ್ರಪ್ಪೋ" ಎಂದು ಕೂಗುತ್ತೇವೆ. ಮಕ್ಕಳನ್ನು ಒಳಗೆ ಕರೆಯುತ್ತೇವೆ. ಕಾಯಿ ಬೀಳುವ ಸದ್ದು ನಮಗೆ ಎಷ್ಟು ರೂಢಿಯೆಂದರೆ ಅದು ಕಿವಿಗೆ ಬಿದ್ದ ಹಾಗೇ ಆಗುವುದಿಲ್ಲ.

ನಮ್ಮದೆರಡು ಸಿಕ್ಕವು, ಉಳಿದವು? ಕ್ಯಾಲೆಂಡರು, ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮೂಲೆ ತೋಟದ ಯಜಮಾನರ ಮನೆಗೆ ಹೋದೆ. ಇಪ್ಪತ್ತಮೂರರಲ್ಲಿ ಹದಿನಾಲ್ಕು ಮರ ಅವರವು. ಸೊಸೆಯಾಗಿ ಬಂದ ಊರಾದ್ದರಿಂದ ನಾನು ಅವರನ್ನು ಮಾವ ಎನ್ನುತ್ತೇನೆ. ವಿಭೂತಿ ಹಚ್ಚಿ ಪೂಜೆ ಮುಗಿಸಿ ಜಗಲಿಯಲ್ಲಿ ಕೂತಿದ್ದ ಅವರು ಒಳಗಿಂದ ಐದು ವರ್ಷದ ಕ್ಯಾಲೆಂಡರು ತರಿಸಿದರು. ಇಬ್ಬರೂ ಕೂತು ತಾಳೆ ನೋಡಿದೆವು. ಹದಿನಾಲ್ಕು ಸಲ ನೆಟ್ ಹೋಗಿತ್ತು. ಅದರಲ್ಲಿ ಎಂಟು ಸಲ ಅವರ ತೋಟದಲ್ಲಿ ಕಾಯಿ ಕಿತ್ತ ದಿನ, ಎರಡು ಸಲ ನಮ್ಮ ತೋಟದಲ್ಲಿ. ಉಳಿದ ನಾಲ್ಕು ನಮ್ಮಿಬ್ಬರ ಕ್ಯಾಲೆಂಡರಿನಲ್ಲೂ ಸಿಗಲಿಲ್ಲ.

"ಅಂದ್ರೆ ನಂದೇ ಜಾಸ್ತಿ ಅನ್ನು," ಎಂದು ಮಾವ ಗಡ್ಡ ಕೆರೆದುಕೊಂಡರು. "ಅಲ್ಲ ಕಣವ್ವ, ನಮ್ಮನ್ನ ಒಂದ್ ಮಾತ್ ಕೇಳ್ದೆ ಕಟ್ಕೊಂಡ್ ಹೋದೋನು ಅವ್ನು. ನಾಳೇನೇ ನನ್ ಮರದ್ದೆಲ್ಲಾ ಬಿಚ್ಚಾಕುಸ್ತೀನಿ ಬುಡು. ಅವ್ನೇ ಓಡೋಡಿ ಬತ್ತಾನೆ, ಆಗ ನೀನ್ ಕೇಳಿದ್ದಕ್ಕೆಲ್ಲ ಹೂಂ ಅಂತಾನೆ."

ಆಸೆಯಾಗಲಿಲ್ಲ ಎಂದರೆ ಸುಳ್ಳು. ಒಂದು ದಿನದಲ್ಲಿ ಮಾಲೀಕರು ನನ್ನ ಅಂಗಳದಲ್ಲಿ ನಿಂತಿರುತ್ತಿದ್ದರು. ಆದರೆ ಅದೇ ಲೈನು ನಮ್ಮಾಚೆಗೆ ಹಾಲಿನ ಡೇರಿಗೆ, ಶಾಲೆಗೆ ಹೋಗುತ್ತದೆ. ಅದನ್ನು ಕತ್ತರಿಸಿ ಚೌಕಾಸಿ ಮಾಡಿದರೆ ನಾಳೆ ಯಾವ ಮುಖ ಹೊತ್ತುಕೊಂಡು ಡೇರಿಯ ಮುಂದೆ ನಡೆಯಲಿ? ಬೇಡ ಮಾವ ಎಂದೆ.

ಮಾರನೆಯ ದಿನ ಜಾಯಿಂಟ್ ಹಾಕುವವರನ್ನು ಕರೆಸಿದೆ. ಲೈನು ತುಂಡಾದಾಗಲೆಲ್ಲ ತುರುವೇಕೆರೆಯಿಂದ ಬೈಕಿನಲ್ಲಿ ಯಂತ್ರ ಹೊತ್ತು ಬರುವ ಐವತ್ತರ ಆಸುಪಾಸಿನ ಮನುಷ್ಯ. ಕೇಬಲ್ಲಿನ ಒಳಗೆ ಕೂದಲೆಳೆಯಂಥ ಗಾಜಿನ ನೂಲು, ಅದರೊಳಗೆ ಬೆಳಕು ಹರಿಯುತ್ತದೆ. ಎಷ್ಟು ಬೆಳಕು ಕೊನೆ ಮುಟ್ಟಿತು ಎಂದು ಅಳೆಯುವ ಅಂಗೈಯಗಲದ ಮೀಟರು ಅವರ ಬಳಿ ಇತ್ತು. ಅವರೊಂದಿಗೆ ಇಪ್ಪತ್ತಮೂರು ಮರದ ಕೆಳಗೂ ನಡೆದೆ. ಹದಿಮೂರು ಜಾಯಿಂಟ್ ಎಣಿಸಿದೆವು. ಕೆಲವಕ್ಕೆ ಪೆಟ್ಟಿಗೆಯಿತ್ತು, ಕೆಲವಕ್ಕೆ ಬರೀ ಟೇಪು. ಕೊಠಡಿಯಲ್ಲಿ ಮೀಟರು ಹಚ್ಚಿದರೆ ಮೈನಸ್ ಇಪ್ಪತ್ತೇಳು ತೋರಿಸಿತು.

"ಇಪ್ಪತ್ತರ ಒಳಗಿದ್ರೆ ಚೆಂದ ಕಣ್ರೀ," ಎಂದರು ಅವರು. "ಇಪ್ಪತ್ತೇಳು ಅಂದ್ರೆ ಅಂಚಿಗ್ ಬಂದೈತೆ. ಒಂದೊಂದ್ ಜಾಯಿಂಟ್‌ಗೂ ಒಸಿ ಒಸಿ ಬೆಳಕು ಸೋರ್ತದೆ. ಇನ್ನೊಂದೆರಡು ಹಾಕಿದ್ರೆ ಲೈನು ಇದ್ದೂ ಇಲ್ದಂಗೆ."

"ಹಾಗಾದರೆ ಇದರ ಮೇಲೆ ಮುನ್ನೂರು ಸ್ಪೀಡ್ ಕೊಟ್ಟರೆ?"

ಅವರು ನಕ್ಕರು. "ಕಾಗ್ದದ್ ಮ್ಯಾಲೆ ಮುನ್ನೂರೇ ಬತ್ತದೆ, ಬುಡಿ."

ಮಾಲೀಕರು ನನ್ನ ಮೂಗಿಗೆ ತುಪ್ಪ ಸವರಿದ್ದರು, ನಾನು ಎರಡು ದಿನ ಅದರ ಘಮದಲ್ಲೇ ಇದ್ದೆ. ಅಲ್ಲೇ ಮರದ ಕೆಳಗೆ ನಿಂತು ತೀರ್ಮಾನ ಮಾಡಿದೆ. ನಮ್ಮ ಏಳು ಜನರ ಮಾತಿಗೆ ಈಗಿನ ನೂರರ ಸ್ಪೀಡೇ ಬೇಕಾದಷ್ಟಾಯಿತು. ಸ್ಪೀಡು ಬೇಡ, ಪುಕ್ಕಟೆ ತಿಂಗಳೂ ಬೇಡ. ಲೈನು ಮರದಿಂದ ಇಳಿಯಬೇಕು. ಅದೊಂದನ್ನೇ ಕೇಳುವುದು, ಅದು ಸಿಗುವವರೆಗೆ ರುಜು ಹಾಕದಿರುವುದು.

ಇದನ್ನು ಕೇಳಲು ಹೋದಾಗ ನನ್ನ ಚೀಲದಲ್ಲಿ ಹಾಜರಿ ಪುಸ್ತಕವೂ ಎಲ್ಲ ಕ್ಯಾಲೆಂಡರುಗಳೂ ಇದ್ದವು. ನಮ್ಮ ತೋಟದ ಎರಡು ಚೌಕಗಳನ್ನು ತೋರಿಸಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಮುಚ್ಚಿಟ್ಟರೆ ನನ್ನ ವಾದ ಗಟ್ಟಿ. ಆದರೆ ಲೈನು ಯಾರ ತೋಟದಲ್ಲಿ ತುಂಡಾಗಿತ್ತೆಂದು ಜಾಯಿಂಟ್ ಹಾಕಲು ಬಂದವರಿಗೆ ಗೊತ್ತೇ ಇರುತ್ತದೆ. ತೋರಿಸಿಬಿಟ್ಟೆ.

ಮಾಲೀಕರು ಪುಟ ತಿರುಗಿಸಿ, ಮತ್ತೆ ತಿರುಗಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಅಂದ್ರೆ ಕಿತ್ತಾಕಿದ್ದೂ ನೀವೇ, ನನ್ನನ್ನ ಬೈದಿದ್ದೂ ನೀವೇನಾ ಮೇಡಂ?"

"ಹೌದಣ್ಣ. ಆವತ್ತು ಬೈದಿದ್ದಕ್ಕೆ ಬೇಜಾರ್ ಮಾಡ್ಕೋಬೇಡಿ. ಎರಡು ಸಲ ನಂದೇ ತಪ್ಪು."

ಅವರು ಪುಸ್ತಕ ಮುಚ್ಚಿಟ್ಟು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಆಮೇಲೆ ಇಬ್ಬರಿಗೂ ಕಾಫಿ ಬಂತು. ಅಲ್ಲಿಂದ ಮಾತು ಸಲೀಸಾಯಿತು. ನಾನು ಮತ್ತೆ ತಂಗ್ಯವ್ವನಾದೆ.

"ಮುನ್ನೂರು ಬೇಡ್ವಾ? ಊರೋರೆಲ್ಲ ಜಾಸ್ತಿ ಕೊಡಿ ಅಂತ ಬತ್ತಾರೆ, ನೀವೊಬ್ರು ಕಮ್ಮಿ ಸಾಕು ಅಂತೀರಲ್ಲ!"

"ನೂರೇ ಇರಲಿ. ಮಣ್ಣಿನೊಳಗೆ ಪೈಪಿನಲ್ಲಿ ಬರಲಿ."

"ಆಗೋ ಮಾತಾ ಅದು? ರಸ್ತೆ ಬದಿ ಅಗೆಯಾಕೆ ಪರ್ಮಿಶನ್ ತರೋವಷ್ಟ್ರಲ್ಲಿ ವರ್ಷ ಆಯ್ತದೆ. ತೋಟದೊಳಗೆ ಅಗೆಯಾಕೆ ಯಾರ್ ಬುಡ್ತಾರೆ?"

"ತೋಟದವರು ಬಿಟ್ಟರೆ?"

"ಒಪ್ಪಿಸ್ಕೊಂಡ್ ಬನ್ನಿ. ಪೈಪು, ಕೇಬಲ್ಲು, ಜಾಯಿಂಟು ನಂದು. ಅಗೆಯೋದು ಮಾತ್ರ ನನ್ ಕೈಲಾಗಲ್ಲ," ಎಂದು ಕೈ ತೊಳೆದುಕೊಂಡರು.

ಒಪ್ಪಂದ ಮುಗಿಯಲು ಹದಿನಾರು ದಿನ ಉಳಿದಿತ್ತು. ಅಗೆಯುವುದು ನನ್ನ ಕೈಯಲ್ಲೂ ಆಗದ ಕೆಲಸ. ಮೂರು ತೋಟದ ಬೇಲಿಯುದ್ದಕ್ಕೂ ಎರಡಡಿ ಆಳದ ಕಾಲುವೆ ಎಂದರೆ ಆಟವಲ್ಲ. ಆದರೂ ಸಂಜೆ ಮತ್ತೆ ಮಾವನ ಜಗಲಿಗೆ ಹೋದೆ. ಎಲ್ಲ ಕೇಳಿಸಿಕೊಂಡು ಅವರು ಎಲೆಗೆ ಸುಣ್ಣ ಹಚ್ಚುತ್ತಾ ತಣ್ಣಗೆ ಹೇಳಿದರು: "ಸೋಮ್ವಾರ ಜೆಸಿಬಿ ಬತ್ತದೆ ಕಣವ್ವ. ಹನಿ ನೀರಾವರಿದು ಹೊಸಾ ಪೈಪ್ ಹಾಕುಸ್ತಾ ಇದೀನಿ, ಬೇಲಿ ಗುಂಟ. ಆ ಗುಂಡೀಲೇ ಅವ್ನ ಪೈಪೂ ಬಿದ್ಕೊಳ್ಳಿ, ನಂಗೇನು?"

ನನಗೆ ಅವರ ಕಾಲು ಮುಟ್ಟಬೇಕೆನಿಸಿತು, ಮುಟ್ಟಿದೆ ಕೂಡ. ಅವರ ಷರತ್ತು ಎರಡೇ. ಟಿಲ್ಲರ್ ಹೊಡೆಯುವಾಗ ಸಿಗದಷ್ಟು ಆಳದಲ್ಲಿರಬೇಕು. "ಇನ್ನೊಂದು, ನಾಳೆ ಅವ್ನು ಈ ಜಾಗ ನಂದು ಅಂತ ಬಂದ್ ನಿಂತ್ಕಬಾರ್ದು. ನೀನು ಕಾಗ್ದ ಬರ್ಯೋದ್ರಲ್ಲಿ ಗಟ್ಟಿಗಿತ್ತಿ ಅಲ್ವಾ, ಬರಿ."

ಬರೆದೆ. ಪೈಪು ಹಾಕಿದ್ದರಿಂದ ಜಮೀನಿನ ಮೇಲೆ ಯಾವ ಹಕ್ಕೂ ಬರುವುದಿಲ್ಲ, ತೋಟದವರು ಬೇಡವೆಂದರೆ ತಿಂಗಳೊಳಗೆ ತೆಗೆಯಬೇಕು, ತೋಟದ ಕೆಲಸದಲ್ಲಿ ತುಂಡಾದರೆ ತೋಟದವರನ್ನು ಕೇಳುವಂತಿಲ್ಲ. ಎರಡನೆಯ ತೋಟ ತಿಪಟೂರಿನಲ್ಲಿರುವ ನಿವೃತ್ತ ಮೇಷ್ಟರದು. ಬಸ್ಸಿನಲ್ಲಿ ಹೋಗಿ ಅವರ ರುಜು ತಂದೆ. ಅವರು ಕಾಗದದಲ್ಲಿ ಎರಡು ಕಾಗುಣಿತ ತಿದ್ದಿ ಆಮೇಲೆ ರುಜು ಹಾಕಿದರು. ಮೂರನೆಯದು ನಮ್ಮದು. ನಮ್ಮವರು, "ನನ್ನ ರುಜುವೂ ಬೇಕಾ?" ಎಂದರು. ಹಾಕಿಸಿಕೊಂಡೆ. ಮೇಷ್ಟರ ತೋಟ ಮತ್ತು ನಮ್ಮ ತೋಟದಲ್ಲಿ ಜೆಸಿಬಿ ಓಡುವ ಎರಡು ಗಂಟೆಯ ಬಾಡಿಗೆ ನಾವು ಕೊಡುವುದೆಂದು ಆಯಿತು.

ಸೋಮವಾರ ಎಲ್ಲವೂ ಸಲೀಸಾಗಿ ಹೋಯಿತು ಎನ್ನುವಷ್ಟರಲ್ಲಿ ಮೇಷ್ಟರ ತೋಟದ ತುದಿಯಲ್ಲಿ ಜೆಸಿಬಿಯ ಹಲ್ಲು ಕರಕರ ಎಂದಿತು. ಒಂದಡಿ ಕೆಳಗೆ ಬಂಡೆ. ಜೆಸಿಬಿಯವನು ಗಾಡಿ ಆಫ್ ಮಾಡಿ ಬೀಡಿ ಹಚ್ಚಿದ. ಜಾಯಿಂಟ್ ಹಾಕುವವರು, ಇದೊಂದು ಮೂವತ್ತಡಿ ಮಾತ್ರ ಮರದ ಮೇಲೇ ಹೋಗಲಿ, ಎರಡೇ ಮರ ಎಂದರು. ಎರಡೇ ಮರ! ಲೈನು ತುಂಡಾಗಲು ಒಂದು ಮರ ಸಾಕು. ನಾನು ಒಪ್ಪಲಿಲ್ಲ. ಕೊನೆಗೆ ಬಂಡೆಯ ಸುತ್ತ ಸಲಿಕೆ ಹಾರೆಯಲ್ಲಿ ದಾರಿ ಮಾಡಿದೆವು. ಪಾಳಿ ಮುಗಿಸಿದ ನಮ್ಮ ಹುಡುಗಿಯರಲ್ಲಿ ನಾಲ್ವರು ಸೀರೆ ಎತ್ತಿ ಕಟ್ಟಿ ಮಣ್ಣು ಎಳೆದರು. ಹೊತ್ತು ಮುಳುಗುವ ಮುಂಚೆ ಕಪ್ಪು ಪೈಪು ಮಲಗಿತು, ಅದರೊಳಗೆ ಎಲ್ಲೂ ತುಂಡಿಲ್ಲದ ಹೊಸ ಕೇಬಲ್ಲು. ಜಾಯಿಂಟು ಆ ತುದಿಗೊಂದು, ಈ ತುದಿಗೊಂದು. ಮೀಟರು ಹಚ್ಚಿದರೆ ಮೈನಸ್ ಹತ್ತೊಂಬತ್ತು. ಜಾಯಿಂಟ್ ಹಾಕುವವರು ಮೀಟರನ್ನು ಎಲ್ಲರಿಗೂ ತೋರಿಸಿಕೊಂಡು ಬಂದರು.

ಹೊಸ ಒಪ್ಪಂದದ ದಿನ ಮಾಲೀಕರ ಮುಂದೆ ಕೂತು ಹಿಂದಿನ ಪುಟದಿಂದ ಓದಲು ಶುರು ಮಾಡಿದೆ. ತಾನಾಗಿ ಮುಂದುವರಿಯುವ ಷರತ್ತು ಹೊಡೆದುಹಾಕಿಸಿದೆ. ಎರಡು ವರ್ಷ ಹೋಗಿ ಒಂದು ವರ್ಷವಾಯಿತು. ದರ ಹಳೆಯದೇ. ತೊಂದರೆ ಹೇಳಿದ ನಾಲ್ಕು ಗಂಟೆಯೊಳಗೆ ಸರಿ ಮಾಡಬೇಕು, ಮೀರಿದರೆ ಆ ದಿನದ ಬಾಡಿಗೆ ಇಲ್ಲ ಎಂದು ಬರೆಸುವಾಗ ಮಾತ್ರ ಸ್ವಲ್ಪ ಜಗ್ಗಾಟವಾಯಿತು. ಬೆಳಿಗ್ಗೆ ಎಂಟರಿಂದ ಸಂಜೆ ಆರರ ಒಳಗಿನ ನಾಲ್ಕು ಗಂಟೆ ಎಂದು ಅವರು ಸೇರಿಸಿದರು. ನ್ಯಾಯವಾದ ಮಾತು, ಒಪ್ಪಿದೆ. ದರದಲ್ಲಿ ಒಂದು ರೂಪಾಯಿಯೂ ಕಮ್ಮಿಯಾಗಲಿಲ್ಲ. ನಾನು ಮಾಡಿದ ವ್ಯವಹಾರಗಳಲ್ಲೆಲ್ಲ ಇದೇ ಒಳ್ಳೆಯದು ಎಂದು ಇವತ್ತಿಗೂ ಹೇಳುತ್ತೇನೆ. ರುಜು ಹಾಕಿ ಮುಗಿದ ಮೇಲೆ ಮಾಲೀಕರು ತಾವಾಗಿಯೇ ಸೀಲು ತೆಗೆದು ಒತ್ತಿ, "ತಾರೀಕೂ ಹಾಕ್ಲಾ ತಂಗ್ಯವ್ವ?" ಎಂದು ಕಣ್ಣು ಮಿಟುಕಿಸಿದರು.

ಮೇಡಂ ಹೇಳಿದ ಪರೀಕ್ಷೆಯ ತಿಂಗಳು ಶುರುವಾಯಿತು. ಮೊದಲೆರಡು ವಾರ ಕೆಂಪು ದೀಪ ಬರಲಿಲ್ಲ. ಅದಕ್ಕೆ ನಾನು ಹಿಗ್ಗಲಿಲ್ಲ, ಏಕೆಂದರೆ ಆ ಎರಡು ವಾರ ಯಾರೂ ಕಾಯಿ ಕಿತ್ತಿರಲಿಲ್ಲ. ಮೂರನೆಯ ವಾರದ ಒಂದು ಬೆಳಿಗ್ಗೆ ಹೊರಗೆ ಕೂಗು ಕೇಳಿತು: "ದನ ಅತ್ಲಾಗ್ ಕಟ್ಕೊಳ್ರಪ್ಪೋ!"

ಮಾವನ ತೋಟ. ಇಬ್ಬರು ಮರ ಹತ್ತುವವರು ಬಂದಿದ್ದರು. ಮೊದಲ ಗೊನೆ ಬಿದ್ದ ಸದ್ದಿಗೆ ಏಳು ತಲೆಗಳೂ ಗೋಡೆಯ ಪೆಟ್ಟಿಗೆಯ ಕಡೆ ತಿರುಗಿದವು. ಹಸಿರು. ಎರಡನೆಯದು, ಮೂರನೆಯದು. ಒಂದು ಒಣ ಗರಿ ಸರ್ರನೆ ಜಾರಿ ಮೊದಲು ಲೈನು ಇದ್ದ ಜಾಗದಲ್ಲೇ ಬಿತ್ತು, ಕಿಟಕಿಯಿಂದ ನೋಡಿದೆ. ಕಾಗದಕ್ಕೆ ಸೀಲು ಹಾಕಿಸಿಕೊಂಡು ಬಂದ ಧೈರ್ಯ ಆಗ ಇರಲಿಲ್ಲ.

ಅದೇ ಹೊತ್ತಿಗೆ ಮೊದಲ ಕುರ್ಚಿಗೆ ಕರೆ ಬಂತು. ನಂಬರು ನೋಟ್ ಪುಸ್ತಕದಲ್ಲಿ ಬರೆಯುವಾಗಲೇ ಅವಳು ನನಗೆ ಕೈ ಸನ್ನೆ ಮಾಡಿದಳು. ಬೋರನಕಣಿವೆ ಕಡೆಯ ಅಜ್ಜ. ಅಂದಿನ ಮೇಲೆ ಅವರು ಪ್ರತಿ ಸಲ ಮಾತು ಶುರು ಮಾಡುವುದು ಒಂದೇ ರೀತಿ. ನಾನು ಇನ್ನೊಂದು ಹೆಡ್‌ಫೋನ್ ಕಿವಿಗಿಟ್ಟುಕೊಂಡೆ.

"ಕುಕ್ಕಬ್ಯಾಡಿ ಕಣವ್ವ, ಒಂದೇ ಮಾತು ಕೇಳ್ಬುಡ್ತೀನಿ."

"ಕುಕ್ಕಲ್ಲ ಕಣಜ್ಜ. ನಿಧಾನವಾಗಿ ಕೇಳಿ."

ಅವರು ಸರದಿ ಕೇಳಿದರು. ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ, ಹಿಂದಿನ ಬಾಗಿಲು. ಅಜ್ಜ ಅದನ್ನು ಎರಡು ಸಲ ತಿರುಗಿ ಹೇಳಿದರು. ಅಷ್ಟರಲ್ಲಿ ಕೊಠಡಿಯ ಹತ್ತಿರದ ಮರದಿಂದಲೇ ಇಡೀ ಗೊನೆ ದಬದಬನೆ ಬಿದ್ದು ಅಟ್ಟದ ಕಾಯಿ ಕೂಡ ಉರುಳಿದಂತಾಯಿತು.

"ಏನವ್ವ ಅದು ಸದ್ದು?"

"ಕಾಯಿ ಕೀಳ್ತಾವ್ರೆ ಕಣಜ್ಜ."

"ಹೌದಾ! ನೀವು ಬೆಂಗ್ಳೂರ್ನೋರು ಅಂದ್ಕೊಂಡಿದ್ದೆ. ನಮ್ ಕಡೇರೇನಾ? ಹೆಂಗವ್ವ ಈ ಸಲ ಕಾಯಿ?"

ಅವಳು ಹೇಳಿದಳು. ಅಜ್ಜ ತಮ್ಮ ತೋಟದ ಕಥೆ ತೆಗೆದರು. ಕಣಿವೆ ಕಟ್ಟೆಯಲ್ಲಿ ನೀರು ಎಷ್ಟಿದೆ, ಅಜ್ಜಿಗೆ ಈ ವಾರ ಊಟ ಸೇರುತ್ತಿದೆಯೋ ಇಲ್ಲವೋ ಎಂಬ ಚಿಂತೆ, ಬಸ್ಸಿನ ಕಂಡಕ್ಟರ್ ಈಗ ಗುರುತು ಹಿಡಿದು ಮುಂದಿನ ಸೀಟು ಬಿಡಿಸಿಕೊಡುವುದು. ಹೊರಗೆ ಕಾಯಿ ಬೀಳುತ್ತಲೇ ಇದ್ದವು. ಪೆಟ್ಟಿಗೆಯ ದೀಪ ಹಸಿರಾಗಿಯೇ ಇತ್ತು. ಮೊದಲ ಕುರ್ಚಿಯವಳು ಹೂಂಗುಟ್ಟುತ್ತಾ ಕಣ್ಣೊರೆಸಿಕೊಂಡಳು, ನಾನು ನೋಡದವಳಂತೆ ಕಿಟಕಿಯ ಕಡೆ ತಿರುಗಿದೆ.

"ಸರಿ, ಮಡಗ್ತೀನಿ ಕಣವ್ವ," ಎಂದರು ಅಜ್ಜ ಕೊನೆಗೆ.

ಅವರೇ ಇಟ್ಟರು.